ಗದಾಯುದ್ಧದಲ್ಲಿ ಅಭಿಮಾನ

ಅಭಿಮಾನವು ಮನುಷ್ಯನ ಕೇಡಿಗೂ ಹಿರಿಮೆಗೂ ಹೇಗೆ ಕಾರಣವಾಗುತ್ತದೆ ಎಂಬುದಕ್ಕೆ ಕನ್ನಡದ ಶ್ರೇಷ್ಠ ನಿದರ್ಶನ ರನ್ನನ 'ಗದಾಯುದ್ಧ'. ಸುಮಾರು ಸಾವಿರ ವರ್ಷ ಹಳೆಯದಾದ ಈ ಚಂಪೂಕಾವ್ಯಕ್ಕೆ 'ಸಾಹಸಭೀಮ ವಿಜಯ' ಎಂಬ ಹೆಸರೂ ಇದೆ. ಕವಿಯು ತನ್ನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ, ಭೀಮನನ್ನೇ ನಾಯಕನನ್ನಾಗಿಸಿದ್ದಾನೆ. ಆದರೂ ಓದುಗರ ಮನಸ್ಸಿನಲ್ಲಿ ಉಳಿಯುವವನು ದುರ್ಯೋಧನ.

ಪಾಂಡವರಿಗೆ ಪಾಲು ಕೊಡಲೊಪ್ಪದ ಅವನ ಗರ್ವವೇ ಕುಲನಾಶಕ್ಕೆ ಮೂಲ. ಆದರೆ ಯುದ್ಧದ ಕೊನೆಯಲ್ಲಿ ಹೆತ್ತವರೂ ಭೀಷ್ಮನೂ ಸಂಧಿಯ ಮಾತನಾಡಿದಾಗ ಅದೇ ಗುಣ ಛಲವಾಗಿ ಬೆಳಗುತ್ತದೆ. ಕರ್ಣ, ದುಶ್ಶಾಸನರನ್ನು ಕಳೆದುಕೊಂಡ ಮೇಲೆ ಅವರನ್ನು ಕೊಂದವರೊಡನೆ ರಾಜ್ಯವನ್ನು ಹಂಚಿಕೊಂಡು ಬಾಳಲು ಅವನು ಒಪ್ಪುವುದಿಲ್ಲ. ಅವನನ್ನು ಕೇವಲ ಖಳನೆಂದು ಭಾವಿಸಿದವರಿಗೆ ಈ ಭಾಗ ದಕ್ಕದು. ಮರುದಿನ ಬಲರಾಮ ಮೊದಲಾದವರ ನೆರವು ಬರುವವರೆಗೆ ವೈಶಂಪಾಯನ ಸರೋವರದಲ್ಲಿರುವಂತೆ ಭೀಷ್ಮನು ಸೂಚಿಸಿರುತ್ತಾನೆ. ಭೀಮನ ಮೂದಲಿಕೆಯನ್ನು ಸಹಿಸಲಾರದೆ ದುರ್ಯೋಧನ ಹೊರಬರುತ್ತಾನೆ. ತೊಡೆ ಮುರಿದು ಬೀಳುತ್ತಾನೆ.

ರನ್ನನೂ ಅಭಿಮಾನಿಯೇ. ಮುಧೋಳದ ಬಳೆಗಾರ ಕುಲದಲ್ಲಿ ಹುಟ್ಟಿ, ವಿದ್ಯೆಗಾಗಿ ಊರು ಬಿಟ್ಟು, ಅಜಿತಸೇನಾಚಾರ್ಯರ ಶಿಷ್ಯನಾಗಿ, 'ಕವಿಚಕ್ರವರ್ತಿ'ಯೆನಿಸಿದವನು. ತನ್ನ ಕವಿತ್ವದ ಹೆಮ್ಮೆಯನ್ನು ಅವನು ಮುಚ್ಚಿಡಲಿಲ್ಲ.

1926ರಲ್ಲಿ ಬಿ.ಎಂ.ಶ್ರೀಕಂಠಯ್ಯನವರು ಈ ಕಾವ್ಯವನ್ನು ಗ್ರೀಕ್ ರುದ್ರನಾಟಕದ ಮಾದರಿಯಲ್ಲಿ 'ಗದಾಯುದ್ಧ ನಾಟಕಂ' ಆಗಿ ರೂಪಾಂತರಿಸಿದರು. ಅಲ್ಲಿ ದುರ್ಯೋಧನನೇ ದುರಂತನಾಯಕ.