ಬೆಳಕಿನ ಒಡೆತನ

ಚುನಾವಣೆ ಬಂದಾಗ ಅಭ್ಯರ್ಥಿಗಳು ವಿದ್ಯುತ್ತಿನ ದರದ ಮಾತನ್ನಾಡುತ್ತಾರೆ; ಅದರ ಒಡೆತನದ ಮಾತು ವಿರಳ. ನಮ್ಮ ನಾಡಿಗೆ ಈ ಪ್ರಶ್ನೆ ಹೊಸದೇನಲ್ಲ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಮಾರಿದ್ದು ಮೈಸೂರು ಸರ್ಕಾರ, ಕೊಂಡದ್ದು ಖಾಸಗಿ ಕಂಪೆನಿಗಳು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪನೆಯಾಯಿತು. ಜೆ.ಎಚ್. ಪಟೇಲರ ಕಾಲದಲ್ಲಿ, 1999ರ ಸುಧಾರಣಾ ಕಾಯಿದೆಯಿಂದ ಮಂಡಳಿಯು ಕೆಪಿಟಿಸಿಎಲ್ ಎಂಬ ನಿಗಮವಾಯಿತು. ಎಸ್.ಎಂ. ಕೃಷ್ಣ ಅವರ ಸರ್ಕಾರವು 2002ರಲ್ಲಿ ವಿತರಣೆಯನ್ನು ನಾಲ್ಕು ಕಂಪೆನಿಗಳಿಗೆ ಹಂಚಿತು. ತುಮಕೂರು ಬೆಸ್ಕಾಂ ಪಾಲಿಗೆ ಬಂದಿತು. ಇವುಗಳನ್ನು ಖಾಸಗಿಯವರಿಗೆ ಒಪ್ಪಿಸುವ ಯೋಜನೆಯೂ ಇತ್ತು. ಅದು ಕೈಗೂಡಲಿಲ್ಲ, ಇಂದಿಗೂ ಅವು ಸರ್ಕಾರದ ಸ್ವತ್ತು.

ಆದರೆ ಹಳ್ಳಿಗಳಲ್ಲಿ ಮೀಟರ್ ಓದುವ, ಬಿಲ್ಲಿನ ಹಣ ವಸೂಲು ಮಾಡುವ ಕೆಲಸವು ಗ್ರಾಮ ವಿದ್ಯುತ್ ಪ್ರತಿನಿಧಿಗಳೆಂಬ ಗುತ್ತಿಗೆ ಯುವಕರ ಕೈಸೇರಿತು. ಒಡೆತನ ಉಳಿಯಿತು, ದುಡಿಮೆ ಹೊರಗುತ್ತಿಗೆಗೆ ಹೋಯಿತು.

2008ರಲ್ಲಿ ಭಾಜಪವು ರೈತರ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂದಿತು. 2023ರಲ್ಲಿ ಕಾಂಗ್ರೆಸ್ ಮನೆಗಳಿಗೆ 200 ಯೂನಿಟ್‌ವರೆಗೆ ಉಚಿತ ಎಂದಿತು. ಎರಡರ ವೆಚ್ಚವೂ ಖಜಾನೆಯ ಸಹಾಯಧನ, ಅಂದರೆ ನಮ್ಮದೇ ತೆರಿಗೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೂ ಪಕ್ಕದ ರೈತನ ಕೊಳವೆಬಾವಿಗೂ ವಿದ್ಯುತ್ ಬೇಕು. ಆದುದರಿಂದ ಮತ ಕೇಳಲು ಬಂದವರನ್ನು ‘ಎಷ್ಟು ಉಚಿತ?’ ಎಂದಷ್ಟೇ ಅಲ್ಲ, ‘ತಂತಿ ಯಾರದು, ದುಡಿಯುವವನಿಗೆ ಭದ್ರತೆ ಏನು?’ ಎಂದೂ ಕೇಳೋಣ.