ಕುಂಕುಮದ ಬಣ್ಣ ಬದಲಾದ ಕಥೆ

ರಾಜಮಹಾರಾಜರ ಯುದ್ಧಗಳಿಗೆ ಚರಿತ್ರೆಯುಂಟು. ಹೆಂಗಸರ ಹಣೆಯ ಕುಂಕುಮಕ್ಕೆ ಎಲ್ಲಿಯ ಚರಿತ್ರೆ ಎಂದು ಯಾರಾದರೂ ನಕ್ಕಾರು. ಅದಕ್ಕೂ ಚರಿತ್ರೆಯುಂಟು. ಅದು ನಮ್ಮ ತಾಳಗುಪ್ಪದ ಅಡಿಗೆಮನೆಗಳಿಂದ ಲಂಡನ್ ನಗರದವರೆಗೆ ಹಬ್ಬಿದೆ. ಆ ಚರಿತ್ರೆಯನ್ನು ಅರಿಯದೆ ಹೋದುದರಿಂದ ನೊಂದವರೂ ಇದ್ದಾರೆ.

ಮೈಗೆ ಪೂಸಿಕೊಳ್ಳುವ ಕಲೆ ನಮ್ಮವರಿಗೆ ಹೊಸದಲ್ಲ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಅಡಿಗೆ, ವೈದ್ಯ, ವೃಕ್ಷಾಯುರ್ವೇದಗಳ ಜೊತೆಗೆ ಸುಗಂಧದ್ರವ್ಯಗಳಿಗೂ ಸ್ಥಾನವಿದೆ. ಒಂದು ಶತಮಾನದ ಬಳಿಕ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ವಿಲೇಪನಗಳನ್ನು ಅರಸನ ಭೋಗಗಳ ಸಾಲಿಗೆ ಸೇರಿಸಿದನು. ಅರಮನೆಯ ಮಾತು ಹಾಗಿರಲಿ. ಸಾಗರ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ತಲೆಗೆ ಸೀಗೆಪುಡಿ, ದಾಸವಾಳದ ಎಲೆಯ ಲೋಳೆ, ಮೈಗೆ ಕಡಲೆಹಿಟ್ಟು, ಕಣ್ಣಿಗೆ ದೀಪದ ಮಸಿಯ ಕಾಡಿಗೆ, ಕೈಗೆ ಮದರಂಗಿ. ಕುಂಕುಮವೂ ಮನೆಯದೇ. ಅರಿಶಿನಕ್ಕೆ ಬಿಳಿಗಾರವನ್ನೂ ನಿಂಬೆಯ ರಸವನ್ನೂ ಬೆರೆಸಿ ನೆರಳಿನಲ್ಲಿ ಒಣಗಿಸಿದರೆ ಹಳದಿ ತಾನಾಗಿಯೇ ಕೆಂಪಾಗುತ್ತಿತ್ತು. ನಮ್ಮ ಅಜ್ಜಿಯಂಥವರಿಗೆ ಅದು ರಸಾಯನಶಾಸ್ತ್ರವೆಂದು ಯಾರೂ ಹೇಳಿರಲಿಲ್ಲ.

ಈ ಕೆಂಪನ್ನು ಬದಲಿಸಿದ ಘಟನೆಗೂ ಮಲೆನಾಡಿಗೂ ಒಂದು ದೂರದ ನಂಟಿರುವುದು ಸೋಜಿಗ. ನಮ್ಮ ಸೀಮೆಯನ್ನು ಕಾಡುತ್ತಿದ್ದ ಚಳಿಜ್ವರಕ್ಕೆ ಮದ್ದು ಕ್ವಿನೈನ್. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಬೇಕೆಂದು 1856ರಲ್ಲಿ ಲಂಡನ್ನಿನ ಹದಿನೆಂಟರ ತರುಣ ವಿಲಿಯಂ ಪರ್ಕಿನ್ ಹೊರಟನು. ಕ್ವಿನೈನ್ ದೊರೆಯಲಿಲ್ಲ, ಕಲ್ಲಿದ್ದಲ ಡಾಂಬರಿನ ಮೂಲದಿಂದ ಒಂದು ನೇರಳೆ ಬಣ್ಣ ದೊರೆಯಿತು. ಅದರ ಬೆನ್ನಿಗೇ ಕೃತಕ ವರ್ಣಗಳ ದೊಡ್ಡ ಉದ್ಯಮವೇ ಬೆಳೆಯಿತು. ಬಟ್ಟೆಗೆ ಹುಟ್ಟಿದ ಬಣ್ಣಗಳು ಬರಬರುತ್ತ ತಲೆಗೂದಲಿಗೆ, ತುಟಿಗೆ, ಹಣೆಗೆ ಏರಿದವು. ತಾಳಗುಪ್ಪಕ್ಕೆ ರೈಲು ಬಂದುದು 1940ರಲ್ಲಿ. ಹಳಿ ಇಲ್ಲಿಗೆ ಮುಗಿಯಿತು. ಪೇಟೆಯ ಸರಕು ಮಾತ್ರ ಇಲ್ಲಿಂದ ಮುಂದಕ್ಕೂ ತೋಟದ ಮನೆಗಳವರೆಗೆ ನಡೆಯಿತು. ಕುಂಕುಮದ ಭರಣಿ ಅದೇ ಉಳಿಯಿತು, ಒಳಗಿನ ಪುಡಿ ಬೇರೆಯಾಯಿತು.

ಇತ್ತ ವೈದ್ಯರೂ ಸುಮ್ಮನಿರಲಿಲ್ಲ. 1895ರಲ್ಲಿ ಯೋಸೆಫ್ ಯಾಡಸ್ಸೋನ್ ಎಂಬ ಚರ್ಮವೈದ್ಯರು, ಶಂಕೆಯ ವಸ್ತುವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪಟ್ಟಿ ಪರೀಕ್ಷೆಯನ್ನು ವಿವರಿಸಿದರು. 1906ರಲ್ಲಿ ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ‘ಅಲರ್ಜಿ’ ಎಂಬ ಪದವನ್ನು ಟಂಕಿಸಿದರು. ನಾವು ‘ಮೈಗೆ ಒಗ್ಗುವುದಿಲ್ಲ’ ಎನ್ನುವುದು ಬಹುಮಟ್ಟಿಗೆ ಇದನ್ನೇ. ಇದರ ರೀತಿ ವಿಚಿತ್ರವಾದುದು. ಮೊದಲ ಸಲ ಸೋಕಿದಾಗ ಏನೂ ಆಗದು. ದೇಹವು ಆ ವಸ್ತುವನ್ನು ಗುರುತಿಟ್ಟುಕೊಳ್ಳುತ್ತದೆ ಅಷ್ಟೆ. ಮುಂದೆ ಎಂದೋ ಒಂದು ದಿನ ಅದೇ ವಸ್ತು ಸೋಕಿ ಒಂದೆರಡು ದಿನಗಳಲ್ಲಿ ತುರಿಕೆ, ಕೆಂಪು, ನೀರ್ಗುಳ್ಳೆ ಏಳುತ್ತವೆ. “ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಇದರಿಂದಲ್ಲ” ಎಂಬ ವಾದ ಆದಕಾರಣ ನಿಲ್ಲುವುದಿಲ್ಲ. ಕುಂಕುಮದ ಕೃತಕ ವರ್ಣಗಳಿಂದ ಕೆಲವರ ಹಣೆ ತುರಿಸದೆಯೂ ಕಪ್ಪಿಡುವುದುಂಟು.

ಕುಂಕುಮದ ಜಾಗಕ್ಕೆ ಅಂಟುಬೊಟ್ಟು ಬಂದಮೇಲೆ ಇನ್ನೊಂದು ತೊಡಕು ಕಾಣಿಸಿಕೊಂಡಿತು. ಕೆಲವು ಬೊಟ್ಟುಗಳ ಅಂಟಿನಲ್ಲಿರುವ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕವು ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಕೊಲ್ಲಬಲ್ಲದು. ಬೊಟ್ಟಿನ ಜಾಗದಲ್ಲಿ ಬಿಳಿಯ ಮಚ್ಚೆ ಉಳಿಯುತ್ತದೆ. ನಮ್ಮೂರ ಕಡೆಯ ಒಂದು ಮನೆಯಲ್ಲಿ ಇಂಥ ಮಚ್ಚೆಯನ್ನು ಕಂಡ ಗಂಡಿನ ಕಡೆಯವರು ‘ತೊನ್ನು’ ಎಂದು ಪಿಸುಗುಟ್ಟಿ ಎದ್ದುಹೋದುದನ್ನು ನಾನು ಬಲ್ಲೆ. ತೊನ್ನೇ ಆಗಿದ್ದರೂ ಅದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಆ ಹುಡುಗಿಗಾದರೋ ಒಂದು ಅಂಟಿನ ತಪ್ಪಿಗೆ ಶಿಕ್ಷೆಯಾಯಿತು.

ಇಂಥ ನೋವುಗಳೇ ಕಾನೂನನ್ನು ಹುಟ್ಟಿಸಿದವು. 1933ರಲ್ಲಿ ಅಮೆರಿಕದಲ್ಲಿ ‘ಲ್ಯಾಷ್ ಲ್ಯೂರ್’ ಎಂಬ ರೆಪ್ಪೆಬಣ್ಣದಿಂದ ಒಬ್ಬ ಮಹಿಳೆ ಕಣ್ಣು ಕಳೆದುಕೊಂಡಳು. ಅದರಲ್ಲಿದ್ದುದು ಪ್ಯಾರಾಫಿನೈಲೀನ್ ಡೈಅಮೀನ್. 1938ರಲ್ಲಿ ಅಲ್ಲಿನ ಕಾನೂನು ಪ್ರಸಾಧನಗಳನ್ನೂ ಹತೋಟಿಗೆ ತಂದಿತು. ನಮ್ಮಲ್ಲಿ 1940ರ ಔಷಧ ಕಾಯಿದೆಗೆ ಪ್ರಸಾಧನಗಳು ಸೇರಿದ್ದು 1962ರ ತಿದ್ದುಪಡಿಯಿಂದ. ತಲೆಗೂದಲ ಬಣ್ಣವನ್ನು ಮೊದಲು ಕಿವಿಯ ಹಿಂದೆ ಅಥವಾ ಮುಂಗೈಯ ಒಳಭಾಗದಲ್ಲಿ ಹಚ್ಚಿ ಇಪ್ಪತ್ತನಾಲ್ಕು ಗಂಟೆ ಕಾಯಬೇಕು, ರೆಪ್ಪೆಗೂ ಹುಬ್ಬಿಗೂ ಹಚ್ಚಬಾರದು ಎಂಬ ಎಚ್ಚರಿಕೆಯನ್ನು ಅದರ ನಿಯಮಗಳು ವಿಧಿಸಿದವು. ಪರೀಕ್ಷೆಯ ವಿಧಾನವು ಇಂಗ್ಲಿಷಿನಲ್ಲಷ್ಟೇ ಅಲ್ಲದೆ ಸ್ಥಳೀಯ ಭಾಷೆಗಳಲ್ಲಿಯೂ ಇರತಕ್ಕದ್ದೆಂದೂ ಹೇಳಿದವು. ಮದುವೆಮನೆಗಳಲ್ಲಿ ಗಳಿಗೆಯೊಳಗೆ ಕೈಯನ್ನು ಕಪ್ಪಾಗಿಸುವ ‘ಕರಿಯ ಮದರಂಗಿ’ಯಲ್ಲಿಯೂ ಹಲವು ವೇಳೆ ಇದೇ ರಾಸಾಯನಿಕವಿರುತ್ತದೆ. ನಿಜವಾದ ಮದರಂಗಿ ನಿಧಾನವಾಗಿ ಕೆಂಪೇರುವುದೇ ಹೊರತು ಕಪ್ಪಾಗುವುದಿಲ್ಲ.

ಹಾಗೆಂದು ಹಳೆಯದೆಲ್ಲ ಅಮೃತವೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಅರಿಶಿನವೂ ಕೆಲವರಿಗೆ ಒಗ್ಗದು. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಗೇರಿನ ರಸದಿಂದ ಭಾರತದಲ್ಲಿದ್ದ ಅಮೆರಿಕದ ಸೈನಿಕರಿಗೆ ಮೈಮೇಲೆ ಗುಳ್ಳೆಗಳೆದ್ದುದನ್ನು 1943ರಲ್ಲಿ ವೈದ್ಯರು ದಾಖಲಿಸಿದ್ದಾರೆ. ಕಾಡಿನ ಗೇರಿಗೂ ಕಾರ್ಖಾನೆಯ ಬಣ್ಣಕ್ಕೂ ಚರ್ಮವು ಭೇದವೆಣಿಸುವುದಿಲ್ಲ. ಅಜ್ಜಿಗಿದ್ದ ಅನುಕೂಲ ಒಂದೇ: ಭರಣಿಯಲ್ಲಿ ಏನಿದೆಯೆಂಬುದು ಆಕೆಗೆ ಗೊತ್ತಿತ್ತು.

ಆ ತಿಳಿವಳಿಕೆ ಈಗ ಡಬ್ಬಿಯ ಮೇಲಿನ ಚೀಟಿಗೆ ಸೇರಿದೆ. ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣದು. ಕನ್ನಡವಿದ್ದರೂ ಅದು ನಿಘಂಟಿನ ಕನ್ನಡ. ‘ಸಂವೇದನಾಶೀಲತೆ’ ಎಂದರೆ ತಾಳಗುಪ್ಪದ ಪೇಟೆಗೆ ಬಂದ ಅಕ್ಕನಿಗೆ ಏನು ತಿಳಿದೀತು? ‘ಮೈಗೆ ಒಗ್ಗದಿರಬಹುದು, ಮೊದಲು ಕಿವಿಯ ಹಿಂದೆ ಹಚ್ಚಿ ನೋಡಿ’ ಎಂದು ದಪ್ಪಕ್ಷರದಲ್ಲಿ ಅಚ್ಚಿಸುವುದಕ್ಕೆ ಹೆಚ್ಚು ಖರ್ಚು ತಗಲದು. ಕನ್ನಡ ಕಲಿಸುವ ನಮ್ಮಂಥವರು ಬೇಕೆಂದು ಕೇಳಬೇಕಾದ ಕನ್ನಡಗಳಲ್ಲಿ ಇದೂ ಒಂದು.