ಸುಣ್ಣ ಮತ್ತು ಕೆಮ್ಮಣ್ಣು

ಹಬ್ಬಕ್ಕೆ ಮನೆಯ ಗೋಡೆಗೆ ಸುಣ್ಣ ಬಳಿದು ಕೆಮ್ಮಣ್ಣಿನ ಕಾರಣೆ ಎಳೆಯುವಾಗ, ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನೊಮ್ಮೆ ನೆನೆಯಿರಿ. ಅಶೋಕನ ಶಾಸನದಿಂದ ಹೆಸರಾದ ಆ ಸ್ಥಳವನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಅಗೆಸಿದಾಗ, ಕ್ರಿಸ್ತಶಕದ ಮೊದಲ ಶತಮಾನಗಳ ಮಡಕೆ ಚೂರುಗಳು ದೊರೆತವು. ಅವುಗಳ ಮೇಲೆ ಕೆಮ್ಮಣ್ಣಿನ ಲೇಪ, ಬಿಳಿಯ ಗೆರೆಗಳ ಚಿತ್ತಾರ! ಆ ಮಡಕೆಯಿಂದಲೇ ನಮ್ಮ ಕಾರಣೆ ಹುಟ್ಟಿತೆಂದು ವಾದಿಸಲಾರೆ. ಆದರೆ ಬಡವರಿಗೂ ನಿಲುಕುವ ಎರಡು ಬಣ್ಣಗಳಿಂದ ನಿತ್ಯದ ವಸ್ತುವನ್ನು ಸಿಂಗರಿಸುವ ಆಸೆ ಈ ನೆಲಕ್ಕೆ ಹೊಸದಲ್ಲ.

ಮಡಕೆ ಒಡೆದರೂ ಚೂರು ಮಣ್ಣಿನಲ್ಲಿ ಉಳಿದೀತು; ಕಾರಣೆಯಾದರೋ ಒಂದು ಮಳೆಗೆ ಕರಗೀತು. ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ, ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬಂದರಷ್ಟೇ ಅದಕ್ಕೆ ಆಯುಸ್ಸು. ಈ ಹಬ್ಬಕ್ಕೆ ಅಂಗಡಿಯ ಅಂಟುಚಿತ್ರವನ್ನು ಬದಿಗಿಟ್ಟು, ಕೆಮ್ಮಣ್ಣು ಕಲಸಿ, ಅರಿವೆಯ ಕುಂಚವನ್ನು ಮಕ್ಕಳ ಕೈಗೆ ಕೊಡಿ. ಗೆರೆ ಸೊಟ್ಟಗಾದರೆ ಆಗಲಿ.